ಮಾದರಿ ಪೆಟ್ಟಿಗೆಯ ವ್ಯಾಪಾರ: ಸೌಂದರ್ಯವರ್ಧಕಗಳ ಮಾಸಿಕ ಚಂದಾ ಪದ್ಧತಿ ಮತ್ತು ಸಣ್ಣ ತಯಾರಕರ ಲೆಕ್ಕ

ಮಾಸಿಕ ಚಂದಾ ಎಂದೊಡನೆ ಪತ್ರಿಕೆ ಮತ್ತು ಹಾಲು ಮಾತ್ರ ನೆನಪಿಗೆ ಬರುತ್ತಿದ್ದ ಕಾಲವೊಂದಿತ್ತು. ಈಗ ಸಾಬೂನು, ಕ್ರೀಮ್, ಕಾಡಿಗೆ, ಲಿಪ್‌ಸ್ಟಿಕ್‌ಗಳೂ ಚಂದಾದ ಮೇಲೆ ಮನೆಬಾಗಿಲಿಗೆ ಬರುತ್ತಿವೆ. ಗ್ರಾಹಕಳು ತಿಂಗಳಿಗೊಮ್ಮೆ ಒಂದು ಸಾಧಾರಣ ಮೊತ್ತವನ್ನು ಪಾವತಿಸುತ್ತಾಳೆ. ಪ್ರತಿಯಾಗಿ ಬೇರೆ ಬೇರೆ ಕಂಪನಿಗಳ ನಾಲ್ಕಾರು ಪ್ರಸಾಧನ ಸಾಮಗ್ರಿಗಳ ಚಿಕ್ಕ ಮಾದರಿಗಳಿರುವ ಪೆಟ್ಟಿಗೆಯೊಂದು ಆಕೆಗೆ ತಲುಪುತ್ತದೆ. ಮೆಚ್ಚಿಕೆಯಾದದ್ದನ್ನು ಪೂರ್ಣ ಗಾತ್ರದಲ್ಲಿ ಕೊಳ್ಳಬಹುದು, ಉಳಿದವುಗಳಿಂದ ಹೆಚ್ಚಿನ ನಷ್ಟವಿಲ್ಲ. ಹೊರನೋಟಕ್ಕೆ ವ್ಯವಹಾರ ಇಷ್ಟು ಸರಳವಾಗಿದೆ. ಆದರೆ ಈ ಪೆಟ್ಟಿಗೆಗೆ ತನ್ನ ಸರಕನ್ನು ಕೊಡುವ ಸಣ್ಣ ತಯಾರಕನಿಗೆ ಅದರಿಂದ ದೊರೆಯುವುದೇನು, ಇಂತಹ ಪೆಟ್ಟಿಗೆಯನ್ನು ತಾನೇ ಕಟ್ಟಿ ಮಾರಬಯಸುವ ವರ್ತಕನು ಯಾವ ಲೆಕ್ಕವನ್ನು ಮೊದಲು ಮಾಡಿಕೊಳ್ಳಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಅಷ್ಟು ಸರಳವಲ್ಲ.

ಹಳೆಯ ಪದ್ಧತಿಯ ಹೊಸ ರೂಪ

ರುಚಿ ತೋರಿಸಿ ಮಾರುವುದು ವ್ಯಾಪಾರದಷ್ಟೇ ಹಳೆಯದು. ಅತ್ತರಿನ ವ್ಯಾಪಾರಿ ಹತ್ತಿಯ ಎಳೆಯನ್ನು ಅದ್ದಿ ಗಿರಾಕಿಯ ಮುಂಗೈಗೆ ಸವರುತ್ತಾನೆ. ಊರೂರು ತಿರುಗುತ್ತಿದ್ದ ಬಳೆಗಾರ ಮಲಾರವನ್ನು ಬಿಚ್ಚಿ, ಅಳತೆಗೆಂದು ಬಳೆ ತೊಡಿಸಿ, ಹಬ್ಬಕ್ಕೆ ಮತ್ತೆ ಬರುವುದಾಗಿ ಹೇಳಿ ಹೋಗುತ್ತಿದ್ದ. ನಿಶ್ಚಿತ ಕಾಲಕ್ಕೆ ನಿಶ್ಚಿತ ಮನೆಗೆ ಹೋಗುವ ಆ ಕ್ರಮದಲ್ಲಿ ಇಂದಿನ ಚಂದಾ ಪದ್ಧತಿಯ ತಿರುಳು ಅಡಗಿದೆ. ಅಮೆರಿಕದಲ್ಲಿ ಡೇವಿಡ್ ಮೆಕ್‌ಕಾನೆಲ್ ಎಂಬ ಪುಸ್ತಕ ಮಾರಾಟಗಾರನು ತನ್ನ ಗಿರಾಕಿಗಳಿಗೆ ಸುಗಂಧದ ಸಣ್ಣ ಶೀಶೆಗಳನ್ನು ಉಚಿತವಾಗಿ ಕೊಡುತ್ತಿದ್ದನು. ಪುಸ್ತಕಕ್ಕಿಂತ ಶೀಶೆಗೇ ಹೆಚ್ಚು ಬೇಡಿಕೆಯಿರುವುದನ್ನು ಕಂಡು 1886ರಲ್ಲಿ ಆತ ಆರಂಭಿಸಿದ ಸುಗಂಧದ್ರವ್ಯದ ಕಂಪನಿಯೇ ಮುಂದೆ ಏವನ್ ಎಂದು ಹೆಸರಾಯಿತು.

ಭಾರತದಲ್ಲಿ ಮಾದರಿಯ ಅರ್ಥಶಾಸ್ತ್ರವನ್ನೇ ಬದಲಿಸಿದ್ದು ಸ್ಯಾಶೆ. ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಅವರು ಶಾಂಪೂವನ್ನು ಚಿಕ್ಕ ಪೊಟ್ಟಣದಲ್ಲಿ ತುಂಬಿ ಮಾರುವ ದಾರಿಯನ್ನು ತೋರಿದರು. ಅವರ ಪುತ್ರರಲ್ಲೊಬ್ಬರಾದ ಸಿ.ಕೆ. ರಂಗನಾಥನ್ ಅವರು 1983ರಲ್ಲಿ 15,000 ರೂಪಾಯಿ ಬಂಡವಾಳದೊಂದಿಗೆ ಬೇರೆಯಾಗಿ ವ್ಯವಹಾರ ಆರಂಭಿಸಿ, 'ಚಿಕ್' ಶಾಂಪೂವನ್ನು ಹಳ್ಳಿಹಳ್ಳಿಗೆ ಒಯ್ದರು. ಯಾವುದೇ ಕಂಪನಿಯ ಐದು ಖಾಲಿ ಸ್ಯಾಶೆಗಳನ್ನು ತಂದವರಿಗೆ ಒಂದು ಚಿಕ್ ಸ್ಯಾಶೆ ಉಚಿತ ಎಂಬುದು ಅವರ ಯೋಜನೆಯಾಗಿತ್ತು. ಕೆಲಕಾಲದ ನಂತರ ನಿಯಮವನ್ನು ಬದಲಿಸಿ, ಚಿಕ್‌ನ ಖಾಲಿ ಸ್ಯಾಶೆಗಳಿಗೆ ಮಾತ್ರ ಈ ಸೌಲಭ್ಯವನ್ನು ಸೀಮಿತಗೊಳಿಸಿದರು. ಮೊದಲ ಹಂತದಲ್ಲಿ ಪ್ರತಿಸ್ಪರ್ಧಿಯ ಗಿರಾಕಿಯ ಕೈಗೆ ಮಾದರಿ ತಲುಪಿತು, ಎರಡನೆಯ ಹಂತದಲ್ಲಿ ಅದೇ ಗಿರಾಕಿ ಚಿಕ್ ಅನ್ನು ಮತ್ತೆ ಮತ್ತೆ ಕೊಳ್ಳುವಂತಾಯಿತು. ಮುಂದೆ ಕೆವಿನ್‌ಕೇರ್ ಎಂದು ಹೆಸರು ಪಡೆದ ಈ ಸಂಸ್ಥೆ 1990ರ ದಶಕದ ಕೊನೆಯಲ್ಲಿ 50 ಪೈಸೆಯ ಸ್ಯಾಶೆಯನ್ನೂ ತಂದಿತು. ಇಲ್ಲಿ ಗಮನಾರ್ಹವಾದ ಸಂಗತಿಯೆಂದರೆ, ಮಾದರಿಯನ್ನೇ ಸರಕಾಗಿಸಿದ್ದರಿಂದ ಅದನ್ನು ಹಂಚುವ ಖರ್ಚನ್ನು ಗಿರಾಕಿಯೇ ಕೊಟ್ಟಂತಾಯಿತು. ಮಾದರಿ ಪೆಟ್ಟಿಗೆಯವರು ಬಹಳ ತಡವಾಗಿ, ಬಹಳ ಸಡಗರದಿಂದ ಕಂಡುಹಿಡಿದದ್ದು ಇದನ್ನೇ.

ಪೆಟ್ಟಿಗೆ ಹುಟ್ಟಿದ್ದು, ಸೊರಗಿದ್ದು

ಇಂದಿನ ರೂಪದ ಪೆಟ್ಟಿಗೆಗೆ ಮೇಲ್ಪಂಕ್ತಿ ಹಾಕಿದ್ದು ಅಮೆರಿಕದ ಬರ್ಚ್‌ಬಾಕ್ಸ್. ವ್ಯವಹಾರಾಡಳಿತದ ಸಹಪಾಠಿಗಳಾಗಿದ್ದ ಹೇಲಿ ಬಾರ್ನಾ ಮತ್ತು ಕಾಟಿಯಾ ಬೋಶಾಂಪ್ ಅವರು ಇದನ್ನು 2010ರಲ್ಲಿ ಸ್ಥಾಪಿಸಿ, ತಿಂಗಳಿಗೆ 10 ಡಾಲರ್ ಚಂದಾ ನಿಗದಿಪಡಿಸಿದರು. ಮರುವರ್ಷವೇ ಬರ್ಲಿನ್ನಿನ ಗ್ಲಾಸಿಬಾಕ್ಸ್ ಹಾಗೂ ಅಮೆರಿಕದ ಇಪ್ಸಿ ಸೇರಿದಂತೆ ಹಲವು ಸಂಸ್ಥೆಗಳು ಇದೇ ದಾರಿ ಹಿಡಿದವು. ಕಂಪನಿಗಳು ಮಾದರಿಗಳನ್ನು ಉಚಿತವಾಗಿ ಅಥವಾ ಅತ್ಯಲ್ಪ ಬೆಲೆಗೆ ಕೊಡುತ್ತವೆ, ಚಂದಾ ಹಣದಿಂದ ಪೆಟ್ಟಿಗೆ ಮತ್ತು ಸಾಗಣೆಯ ವೆಚ್ಚ ಭರಿಸಲಾಗುತ್ತದೆ, ಪೂರ್ಣ ಗಾತ್ರದ ಸರಕಿನ ಮಾರಾಟದಿಂದ ಲಾಭ ಬರುತ್ತದೆ ಎಂಬುದು ಬರ್ಚ್‌ಬಾಕ್ಸ್‌ನ ಎಣಿಕೆಯಾಗಿತ್ತು.

ಮೂರನೆಯ ಭಾಗದಲ್ಲಿಯೇ ತೊಡಕು ಕಾಣಿಸಿಕೊಂಡಿತು. ಬಹಳಷ್ಟು ಚಂದಾದಾರರಿಗೆ ಪೆಟ್ಟಿಗೆಯನ್ನು ತೆರೆಯುವ ಕುತೂಹಲವೇ ಸಾಕಾಗುತ್ತಿತ್ತು. ಪ್ರತಿ ತಿಂಗಳೂ ಹೊಸ ಮಾದರಿಗಳು ಬರುತ್ತಿರುವಾಗ ಪೂರ್ಣ ಗಾತ್ರದ ಶೀಶೆಯನ್ನು ಕೊಳ್ಳುವ ಅವಶ್ಯಕತೆಯಾದರೂ ಏನು? ಕೊಳ್ಳುವವರೂ ಎಲ್ಲಿ ಅಗ್ಗವೋ ಅಲ್ಲಿ ಕೊಂಡರು. ಬರ್ಚ್‌ಬಾಕ್ಸ್ 2018ರಲ್ಲಿ ಹೂಡಿಕೆದಾರ ಸಂಸ್ಥೆಯೊಂದರ ಹಿಡಿತಕ್ಕೆ ಹೋಗಿ, 2021ರಲ್ಲಿ ಮತ್ತೊಮ್ಮೆ ಮಾರಾಟವಾಯಿತು. ಗ್ಲಾಸಿಬಾಕ್ಸ್ 2017ರಲ್ಲಿ ಬ್ರಿಟನ್ನಿನ ಕಂಪನಿಯೊಂದರ ಪಾಲಾಯಿತು.

ಭಾರತದ ಉದಾಹರಣೆ ನಮ್ಮ ತಯಾರಕರಿಗೆ ಹೆಚ್ಚು ಉಪಯುಕ್ತವಾದುದು. ವಿನೀತಾ ಸಿಂಗ್ ಮತ್ತು ಕೌಶಿಕ್ ಮುಖರ್ಜಿ ಅವರು 2012ರಲ್ಲಿ ಆರಂಭಿಸಿದ್ದು ಸೌಂದರ್ಯವರ್ಧಕಗಳ ಮಾಸಿಕ ಚಂದಾ ವ್ಯವಹಾರವನ್ನು. 'ಫ್ಯಾಬ್ ಬ್ಯಾಗ್' ಎಂಬ ಹೆಸರಿನಲ್ಲಿ ಅದು ಪರಿಚಿತವಾಯಿತು. ಪ್ರತಿ ತಿಂಗಳು ಮಾದರಿಗಳನ್ನು ಕಳುಹಿಸುವುದರ ಜೊತೆಗೆ, ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂಬ ಅಭಿಪ್ರಾಯವೂ ಚಂದಾದಾರರಿಂದ ಬಂದು ಸೇರುತ್ತಿತ್ತು. ಭಾರತೀಯ ಮೈಬಣ್ಣಕ್ಕೆ ಒಪ್ಪುವ, ನಮ್ಮ ಸೆಕೆಯಲ್ಲಿ ಕರಗದೆ ನಿಲ್ಲುವ ಸಾಮಗ್ರಿಗಳ ಕೊರತೆಯಿದೆ ಎಂಬುದು ಅವರಿಗೆ ಮನವರಿಕೆಯಾಯಿತು. ಆ ತಿಳಿವಳಿಕೆಯ ಆಧಾರದ ಮೇಲೆ ಅವರು ಕಣ್ಣಿನ ಅಲಂಕಾರ ಸಾಮಗ್ರಿಗಳಿಂದ ಮೊದಲುಗೊಂಡು ಸ್ವಂತ ಸರಕನ್ನು ಮಾರುಕಟ್ಟೆಗೆ ತಂದರು. ಅದೇ ಇಂದಿನ ಶುಗರ್ ಕಾಸ್ಮೆಟಿಕ್ಸ್. ಪರರ ಸರಕನ್ನು ಹಂಚುವ ಪೆಟ್ಟಿಗೆಗಿಂತ, ಆ ಪೆಟ್ಟಿಗೆಯಿಂದ ಕೂಡಿಬಂದ ಮಾಹಿತಿಗೆ ಹೆಚ್ಚಿನ ಬೆಲೆ ಬಂದಿತು ಎಂಬುದು ಇದರಿಂದ ಸ್ಪಷ್ಟ. ಪೆಟ್ಟಿಗೆಗೆ ಮಾದರಿ ಕೊಡುವ ಸಣ್ಣ ತಯಾರಕನು ಸರಕಿನೊಂದಿಗೆ ಈ ಮಾಹಿತಿಯನ್ನೂ ಕೈಬಿಟ್ಟರೆ, ಆತನು ಹಂಚುವವನ ಗುಮಾಸ್ತನಾಗಿ ಉಳಿಯುತ್ತಾನೆ. ಗ್ರಾಹಕರ ಅಭಿಪ್ರಾಯಗಳ ಪ್ರತಿಯನ್ನು ತನಗೂ ಕೊಡಬೇಕೆಂಬ ಷರತ್ತನ್ನು ಒಪ್ಪಂದದಲ್ಲಿ ಬರೆಯಿಸಿಕೊಳ್ಳುವುದು ಆದ್ದರಿಂದ ದರದ ಚೌಕಾಸಿಗಿಂತಲೂ ಮುಖ್ಯ.

ಒಂದು ಸಾವಿರ ಮಾದರಿಗಳ ಲೆಕ್ಕ

ಸ್ನಾನದ ಸಾಬೂನು ತಯಾರಿಸುವ ಘಟಕವೊಂದು 25 ಗ್ರಾಂ ತೂಕದ 1,000 ಮಾದರಿ ಬಿಲ್ಲೆಗಳನ್ನು ಹಂಚುತ್ತದೆ ಎಂದಿಟ್ಟುಕೊಳ್ಳೋಣ. ಸರಕು, ಅಚ್ಚು, ಹೊದಿಕೆ ಸೇರಿ ಬಿಲ್ಲೆಯೊಂದಕ್ಕೆ 9 ರೂ. ವೆಚ್ಚವಾದರೆ ಒಟ್ಟು 9,000 ರೂ. ಆಗುತ್ತದೆ. ಪೂರ್ಣ ಗಾತ್ರದ ಸಾಬೂನಿನಲ್ಲಿ ಘಟಕಕ್ಕೆ ಉಳಿಯುವ ಲಾಭ 25 ರೂ. ಎಂದರೆ, ಹಂಚಿಕೆಯ ಹಣ ಮರಳಲು 360 ಸಾಬೂನುಗಳು ಮಾರಾಟವಾಗಬೇಕು. ಸಾವಿರ ಜನರಲ್ಲಿ 360 ಮಂದಿ ಒಮ್ಮೆ ಕೊಂಡಾರೆಂದು ಆಶಿಸುವುದು ವ್ಯವಹಾರವಲ್ಲ. ಆದರೆ 40 ಮಂದಿ ತಿಂಗಳಿಗೊಂದರಂತೆ ಒಂಬತ್ತು ತಿಂಗಳು ಕೊಂಡರೂ ಲೆಕ್ಕ ಸರಿಹೋಗುತ್ತದೆ. ಅಂದರೆ ನೂರಕ್ಕೆ ನಾಲ್ವರು ಸಾಕು, ಆದರೆ ಆ ನಾಲ್ವರು ಬಿಟ್ಟುಹೋಗಬಾರದು, ಮತ್ತು ಒಂಬತ್ತು ತಿಂಗಳ ಕಾಲ ಆ ಬಂಡವಾಳವನ್ನು ತಡೆದುಕೊಳ್ಳುವ ಶಕ್ತಿ ಘಟಕಕ್ಕಿರಬೇಕು. ಮಾದರಿ ತಲುಪಿದ ಊರಿನಲ್ಲಿ ಪೂರ್ಣ ಗಾತ್ರದ ಸರಕು ಅಂಗಡಿಯಲ್ಲಿ ದೊರೆಯದಿದ್ದರೆ ಈ ಲೆಕ್ಕವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆಯೇ ಸರಿ.

ಮಾದರಿಯ ಗಾತ್ರವೂ ಸರಕಿನ ಸ್ವಭಾವವನ್ನು ಅವಲಂಬಿಸಿರುತ್ತದೆ. ಸುಗಂಧವನ್ನು ಒಮ್ಮೆ ಹಚ್ಚಿ ನೋಡಿದರೆ ಸಾಕು. ಲಿಪ್‌ಸ್ಟಿಕ್‌ನ ಬಣ್ಣ ಒಪ್ಪುತ್ತದೆಯೇ ಎಂಬುದು ಒಂದೆರಡು ದಿನಗಳಲ್ಲಿ ತಿಳಿಯುತ್ತದೆ. ಮುಖದ ಕ್ರೀಮ್ ಅಥವಾ ತಲೆಗೂದಲ ಎಣ್ಣೆಯ ಪರಿಣಾಮ ತಿಳಿಯಲು ವಾರಗಳೇ ಬೇಕು. 5 ಗ್ರಾಂ ಕ್ರೀಮ್‌ನಿಂದ ಪರಿಮಳ ಮತ್ತು ನುಣುಪಿನ ಹೊರತಾಗಿ ಬೇರೇನೂ ತಿಳಿಯದು. ಅಂತಹ ಸರಕಿಗೆ ಒಂದೇ ಚಿಕ್ಕ ಪೊಟ್ಟಣಕ್ಕಿಂತ ಎರಡು ವಾರಕ್ಕೆ ಸಾಲುವ ಪೊಟ್ಟಣವನ್ನು ಕಡಿಮೆ ಜನರಿಗೆ ಕೊಡುವುದು ಲೇಸು. ಹೊಸ ಸರಕನ್ನು ಮುಖಕ್ಕೆ ಹಚ್ಚುವ ಮುನ್ನ ಮೊಣಕೈಯ ಒಳಬದಿಗೆ ಸವರಿ ಒಂದು ದಿನ ಕಾಯುವಂತೆ ಹೊದಿಕೆಯ ಮೇಲೆ ಕನ್ನಡದಲ್ಲಿ ಮುದ್ರಿಸಿದರೆ ದೂರುಗಳು ಕಡಿಮೆಯಾಗುತ್ತವೆ.

ಇನ್ನು ಹವೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಳ್ಳಾರಿಯ ಬಿಸಿಲಿನಲ್ಲಿ, ಕೊರಿಯರ್ ವಾಹನದೊಳಗೆ ಅರ್ಧ ದಿನ ಕುಳಿತ ಲಿಪ್‌ಸ್ಟಿಕ್ ಮೆತ್ತಗಾಗುತ್ತದೆ, ಕ್ರೀಮ್‌ನಲ್ಲಿ ಎಣ್ಣೆ ಮತ್ತು ನೀರು ಬೇರೆಯಾಗುತ್ತವೆ. ಹಾಳಾದ ಮಾದರಿಯು ಮಾದರಿಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಮಾರ್ಚ್‌ನಿಂದ ಮೇವರೆಗೆ ಸಾಬೂನು, ಪೌಡರ್, ಶಾಂಪೂಗಳಂತಹ ಗಟ್ಟಿ ಸ್ವಭಾವದ ಸರಕನ್ನೇ ಹಂಚಿ, ಮೇಣದ ಅಂಶವುಳ್ಳವನ್ನು ಚಳಿಗಾಲಕ್ಕೆ ಉಳಿಸಿಕೊಳ್ಳುವುದು ಒಳಿತು.

ಪರವಾನಗಿ ಮತ್ತು ಹೊದಿಕೆಯ ವಿವರ

ಉಚಿತವಾಗಿ ಹಂಚುವ ಮಾದರಿಗೆ ಪರವಾನಗಿ ಬೇಕಿಲ್ಲ ಎಂಬ ತಪ್ಪು ಕಲ್ಪನೆ ಗೃಹ ಕೈಗಾರಿಕೆಗಳಲ್ಲಿ ವ್ಯಾಪಕವಾಗಿದೆ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯ 18ನೇ ಪ್ರಕರಣವು ಮಾರಾಟಕ್ಕಾಗಿ ಮಾತ್ರವಲ್ಲದೆ ಹಂಚಿಕೆಗಾಗಿ ತಯಾರಿಸುವುದನ್ನೂ ಪರವಾನಗಿಯ ವ್ಯಾಪ್ತಿಗೆ ತರುತ್ತದೆ. ಸಾಬೂನು ಮೊದಲು ಈ ಕಾಯಿದೆಯ 'ಸೌಂದರ್ಯವರ್ಧಕ' ಎಂಬ ಪದದ ಅರ್ಥವಿವರಣೆಯಿಂದ ಹೊರಗಿತ್ತು. 1982ರ ತಿದ್ದುಪಡಿಯಿಂದ ಆ ವಿನಾಯಿತಿ ಹೋಯಿತು. ಈಗ ಅನ್ವಯಿಸುವುದು 2020ರ ಸೌಂದರ್ಯವರ್ಧಕಗಳ ನಿಯಮಾವಳಿ. ಸ್ವಂತ ಕಾರ್ಖಾನೆಯಿಲ್ಲದವರು ಪರವಾನಗಿಯುಳ್ಳ ಮತ್ತೊಬ್ಬರ ಕಾರ್ಖಾನೆಯಲ್ಲಿ ತಯಾರಿಸಿಕೊಳ್ಳಲು ಎರವಲು ಪರವಾನಗಿಯ ಅವಕಾಶವಿದೆ. ಬಳ್ಳಾರಿಯ ಜೀನ್ಸ್ ಉದ್ಯಮದಲ್ಲಿ ಜಾಬ್ ವರ್ಕ್ ಕಂಡವರಿಗೆ ಈ ಕ್ರಮ ಅಪರಿಚಿತವೇನಲ್ಲ. ವ್ಯತ್ಯಾಸವಿಷ್ಟೇ: ಹೊಲಿಗೆಯ ಕೆಲಸವನ್ನು ಬಾಯಿಮಾತಿನ ಮೇಲೆ ಕೊಡಬಹುದು, ಕ್ರೀಮ್ ತಯಾರಿಕೆಯನ್ನು ಕೊಡಲಾಗದು.

ಪೊಟ್ಟಣ ಚಿಕ್ಕದಾದಷ್ಟೂ ಅದರ ಮೇಲೆ ಬರೆಯಬೇಕಾದ ಸಂಗತಿಗಳಿಗೆ ಸ್ಥಳ ಸಾಲದು. ತೀರಾ ಚಿಕ್ಕ ಪೊಟ್ಟಣಗಳಿಗೆ ಕೆಲವು ರಿಯಾಯಿತಿಗಳಿವೆ. ತಯಾರಕರ ಪೂರ್ಣ ವಿಳಾಸದ ಬದಲು ಹೆಸರು, ತಯಾರಿಕೆಯ ಮುಖ್ಯ ಸ್ಥಳ ಮತ್ತು ಪಿನ್‌ಕೋಡ್ ಮುದ್ರಿಸುವುದು ಅವುಗಳಲ್ಲೊಂದು. ಬ್ಯಾಚ್ ಸಂಖ್ಯೆ ಮತ್ತು ಬಳಕೆಯ ಅವಧಿಯ ವಿಷಯದಲ್ಲಿ ಮಾತ್ರ ಅಲಕ್ಷ್ಯ ಸಲ್ಲದು. ಅವಧಿ ಮುಗಿಯಲು ತಿಂಗಳೆರಡು ತಿಂಗಳು ಉಳಿದಿರುವ ದಾಸ್ತಾನನ್ನು ಮಾದರಿ ಪೆಟ್ಟಿಗೆಗೆ ಸುರಿದು ಕೈತೊಳೆದುಕೊಳ್ಳುವ ಪ್ರವೃತ್ತಿ ಈ ವ್ಯವಹಾರಕ್ಕೆ ಅಂಟಿದ ರೋಗ. ಪೆಟ್ಟಿಗೆ ಕಟ್ಟುವ ವರ್ತಕರು ಪ್ರತಿ ಸರಕಿನ ದಿನಾಂಕವನ್ನು ದಾಖಲಿಸಿಕೊಂಡೇ ಒಳಗಿಡಬೇಕು. ಭಿನ್ನ ಸರಕುಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಚಿಲ್ಲರೆಯಾಗಿ ಮಾರಿದರೆ, 2011ರ ಕಾನೂನು ಮಾಪನಶಾಸ್ತ್ರ ನಿಯಮಗಳ ಪ್ರಕಾರ ಅದು ಸಂಯೋಜಿತ ಪೊಟ್ಟಣವೆನಿಸುತ್ತದೆ. ಹೊರ ಪೆಟ್ಟಿಗೆಯ ಮೇಲೂ ಗರಿಷ್ಠ ಚಿಲ್ಲರೆ ಬೆಲೆ ಮೊದಲಾದ ವಿವರಗಳು ಬೇಕಾಗುತ್ತವೆ.

ತೆರಿಗೆ: ಲಾಭ ಸೋರುವ ಜಾಗ

ಸರಕು ಮತ್ತು ಸೇವಾ ತೆರಿಗೆಯ ಎರಡು ನಿಯಮಗಳನ್ನು ಅರಿಯದೆ ಈ ವ್ಯವಹಾರಕ್ಕೆ ಕೈಹಾಕುವುದು ಸರಿಯಲ್ಲ.

ಮೊದಲನೆಯದು ಉಚಿತ ಮಾದರಿಗೆ ಸಂಬಂಧಿಸಿದ್ದು. ಉಡುಗೊರೆಯಾಗಿ ಅಥವಾ ಉಚಿತ ಮಾದರಿಯಾಗಿ ಕೊಟ್ಟ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆಯನ್ನು ಪಡೆಯಲು ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)ನೇ ಪ್ರಕರಣದ ಅಡಿ ಅವಕಾಶವಿಲ್ಲ. ಮೇಲಿನ ಸಾಬೂನಿನ ಉದಾಹರಣೆಯಲ್ಲಿ ಹೊದಿಕೆ, ಸುಗಂಧ, ಕಚ್ಚಾವಸ್ತುಗಳಿಗೆ ತೆತ್ತ ತೆರಿಗೆಯನ್ನು ಜಮೆಯಿಂದ ಬಿಡಬೇಕಾಗುತ್ತದೆ, 9 ರೂ. ಎಂದು ಎಣಿಸಿದ್ದು ಇನ್ನಷ್ಟು ಏರುತ್ತದೆ. ಆದರೆ 'ಒಂದು ಕೊಂಡರೆ ಮತ್ತೊಂದು ಉಚಿತ' ಎಂಬ ಕ್ರಮದಲ್ಲಿ ಮಾರಿದರೆ, ಅದು ಒಂದೇ ಬೆಲೆಗೆ ಎರಡು ಸರಕುಗಳ ಮಾರಾಟವೆಂದು ಪರಿಗಣಿತವಾಗಿ ಜಮೆ ದೊರೆಯುತ್ತದೆ ಎಂದು 2019ರ ಮಾರ್ಚ್ 7ರ ಸುತ್ತೋಲೆಯಲ್ಲಿ ಕೇಂದ್ರ ಪರೋಕ್ಷ ತೆರಿಗೆಗಳ ಮಂಡಳಿ ಸ್ಪಷ್ಟಪಡಿಸಿದೆ. ಮಾದರಿಯನ್ನು ಬೀದಿಯಲ್ಲಿ ಹಂಚುವುದಕ್ಕಿಂತ, ಈಗಾಗಲೇ ಮಾರಾಟವಾಗುತ್ತಿರುವ ತನ್ನದೇ ಸರಕಿನೊಂದಿಗೆ ಕಟ್ಟಿ ಕೊಡುವುದು ಹೀಗೆ ತೆರಿಗೆಯ ದೃಷ್ಟಿಯಿಂದಲೂ ಹಿತ.

ಎರಡನೆಯದು ಮಿಶ್ರ ಪೂರೈಕೆ. ಬೇರೆ ಬೇರೆ ತೆರಿಗೆ ದರಗಳ ಸರಕುಗಳನ್ನು ಸೇರಿಸಿ ಒಂದೇ ಬೆಲೆಗೆ ಮಾರಿದಾಗ, ಅವುಗಳಲ್ಲಿ ಅತಿ ಹೆಚ್ಚಿನ ದರವೇ ಇಡೀ ಪೆಟ್ಟಿಗೆಗೆ ಅನ್ವಯಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನಿನ ಬಿಲ್ಲೆ, ಶಾಂಪೂ, ತಲೆಗೂದಲ ಎಣ್ಣೆ, ಟಾಲ್ಕಂ ಪೌಡರ್‌ಗಳ ದರ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಲಿಪ್‌ಸ್ಟಿಕ್ ಹಾಗೂ ಚರ್ಮದ ಕ್ರೀಮ್‌ಗಳು ಶೇ. 18ರಲ್ಲಿಯೇ ಉಳಿದಿವೆ. ತೆರಿಗೆ ಹೊರತುಪಡಿಸಿ 400 ರೂ. ಬೆಲೆಯ ಪೆಟ್ಟಿಗೆಯಲ್ಲಿ ಅರ್ಧದಷ್ಟು ಸಾಬೂನು-ಶಾಂಪೂ, ಉಳಿದರ್ಧ ಕ್ರೀಮ್-ಲಿಪ್‌ಸ್ಟಿಕ್ ಇದ್ದರೆ, ಬಿಡಿಬಿಡಿಯಾಗಿ ಮಾರಿದಾಗ ತೆರಿಗೆ 10 ಮತ್ತು 36 ಸೇರಿ 46 ರೂ. ಒಂದೇ ಬೆಲೆಯ ಪೆಟ್ಟಿಗೆಯಾದಾಗ 72 ರೂ. ಈ 26 ರೂ. ಅಂತರ ಅನೇಕ ಪೆಟ್ಟಿಗೆಗಳ ನಿವ್ವಳ ಲಾಭಕ್ಕಿಂತ ಹೆಚ್ಚಿರಬಹುದು. ಸ್ನಾನದ ಸಾಮಗ್ರಿಗಳ ಪೆಟ್ಟಿಗೆಯೊಂದು, ಅಲಂಕಾರದ ಸಾಮಗ್ರಿಗಳ ಪೆಟ್ಟಿಗೆ ಮತ್ತೊಂದು ಎಂದು ಪ್ರತ್ಯೇಕಿಸುವುದು ಸುಲಭದ ದಾರಿ. ಅಂತಿಮ ನಿರ್ಧಾರಕ್ಕೆ ಮುನ್ನ ತಮ್ಮ ತೆರಿಗೆ ಸಲಹೆಗಾರರೊಂದಿಗೆ ಚರ್ಚಿಸುವುದು ಸೂಕ್ತ.

ಚಂದಾ ಹಣದ ವಸೂಲಿ

ಪ್ರತಿ ತಿಂಗಳು ಗ್ರಾಹಕರ ಖಾತೆಯಿಂದ ತಾನಾಗಿಯೇ ಹಣ ಬರುವುದು ಚಂದಾ ಪದ್ಧತಿಯ ಆಕರ್ಷಣೆ. 2020ರ ಜುಲೈನಲ್ಲಿ ಯುಪಿಐ ಆಟೋಪೇ ಬಂದ ಮೇಲೆ ಕ್ರೆಡಿಟ್ ಕಾರ್ಡ್ ಇಲ್ಲದವರಿಗೂ ಇದು ಸಾಧ್ಯವಾಯಿತು. ಇಂತಹ ಪುನರಾವರ್ತಿತ ಪಾವತಿಗೆ ಗ್ರಾಹಕರು ಮೊದಲು ದೃಢೀಕರಿಸಿ ಅನುಮತಿ ಕೊಟ್ಟಿರಬೇಕು, ಹಣ ಕಡಿತಕ್ಕೆ 24 ಗಂಟೆ ಮೊದಲು ಅವರಿಗೆ ಸೂಚನೆ ಹೋಗಬೇಕು ಎಂಬುದು ರಿಸರ್ವ್ ಬ್ಯಾಂಕ್ ವಿಧಿಸಿದ ಕ್ರಮ. ಪ್ರತಿ ಬಾರಿಯೂ ಹೊಸದಾಗಿ ದೃಢೀಕರಿಸಬೇಕಿಲ್ಲದ ಮಿತಿಯನ್ನು 2022ರ ಜೂನ್‌ನಲ್ಲಿ 5,000 ರೂ.ಗಳಿಂದ 15,000 ರೂ.ಗಳಿಗೆ ಏರಿಸಲಾಯಿತು. ಪೆಟ್ಟಿಗೆಯ ಚಂದಾ ಈ ಮಿತಿಯೊಳಗೇ ಇರುತ್ತದೆ.

ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂತೆ ಚಂದಾವನ್ನು ರೂಪಿಸುವ ಚಾಳಿಗೂ ಈಗ ಕಡಿವಾಣ ಬಿದ್ದಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಪಟ್ಟಿಮಾಡಿದ 13 ವಂಚಕ ವಿನ್ಯಾಸಗಳಲ್ಲಿ ಚಂದಾ ಬಲೆಯೂ ಒಂದು. ರದ್ದತಿಯ ದಾರಿಯನ್ನು ಮರೆಮಾಚುವುದು, ಉಚಿತ ಚಂದಾಕ್ಕೂ ಪಾವತಿ ವಿವರಗಳನ್ನು ಬಲವಂತವಾಗಿ ಪಡೆಯುವುದು ಇದರಲ್ಲಿ ಸೇರುತ್ತವೆ.

ಬಳ್ಳಾರಿಯ ಸುತ್ತಮುತ್ತ

ಬಳ್ಳಾರಿ ನಗರಕ್ಕೆ ಹೊಂದಿಕೊಂಡಿರುವ ಸಂಗನಕಲ್ಲು ಪ್ರಾಚ್ಯ ಸಂಶೋಧಕರಿಗೆ ಸುಪರಿಚಿತ ಹೆಸರು. ಅಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನರು ಮೂರು ಸಾವಿರ ವರ್ಷಗಳಿಗೂ ಹಿಂದೆ ಡೋಲರೈಟ್ ಶಿಲೆಯಿಂದ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದರು. ಜಿಲ್ಲೆಯ ಮೊದಲ ಕೈಗಾರಿಕಾ ವಸಾಹತು ಎಂದು ಅದನ್ನು ಕರೆದರೆ ಹೆಚ್ಚಿನ ತಪ್ಪೇನಿಲ್ಲ. ಇಂದು ಅದೇ ಊರಿನ ತರುಣಿಯೊಬ್ಬಳು ಕೈಯಲ್ಲಿರುವ ಮೊಬೈಲ್ ಮೂಲಕ ಮುಂಬಯಿಯ ಪೆಟ್ಟಿಗೆಯನ್ನು ತರಿಸಿಕೊಳ್ಳಬಲ್ಲಳು. ಹೀಗೆ ಹೋಗುವ ಹಣ ಈ ಮೊದಲು ನಗರದ ಬೆಂಗಳೂರು ರಸ್ತೆಯ ಅಥವಾ ಕುರುಗೋಡು, ಸಿರುಗುಪ್ಪಗಳ ಪೇಟೆಯ ಫ್ಯಾನ್ಸಿ ಸ್ಟೋರ್‌ಗಳ ಗಲ್ಲಾಪೆಟ್ಟಿಗೆಗೆ ಬರುತ್ತಿತ್ತು.

ಆದರೂ ಈ ಅಂಗಡಿಗಳ ಕೈಯಲ್ಲಿ ದೂರದ ಪೆಟ್ಟಿಗೆಯವರಿಗಿಲ್ಲದ ಎರಡು ಅನುಕೂಲಗಳಿವೆ. ಕೊರಿಯರ್ ವೆಚ್ಚವಿಲ್ಲ ಎಂಬುದೊಂದು. ಗಿರಾಕಿಯ ಮುಖಪರಿಚಯವಿದೆ ಎಂಬುದು ಮತ್ತೊಂದು. ಫ್ಯಾನ್ಸಿ ಸ್ಟೋರ್ ಅಥವಾ ಬ್ಯೂಟಿ ಪಾರ್ಲರ್ ನಡೆಸುವವರು ಐವತ್ತು ಮಂದಿ ಖಾಯಂ ಗಿರಾಕಿಗಳ ಹೆಸರನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟು, ಮೂರು ತಿಂಗಳ ಅವಧಿಗೆ ಪೆಟ್ಟಿಗೆಯನ್ನು ಅಂಗಡಿಯಲ್ಲಿಯೇ ಕೊಡುವ ಪ್ರಯೋಗ ಮಾಡಬಹುದು. ಪೆಟ್ಟಿಗೆ ಒಯ್ಯಲು ಬಂದಾಕೆ ಹಿಂದಿನ ತಿಂಗಳದ್ದರಲ್ಲಿ ಯಾವುದನ್ನು ಮುಗಿಸಿದಳು, ಯಾವುದನ್ನು ತಂಗಿಗೆ ಕೊಟ್ಟಳು ಎಂಬುದನ್ನು ಕೇಳಿ ಬರೆದುಕೊಂಡರೆ, ಫ್ಯಾಬ್ ಬ್ಯಾಗ್ ಕೂಡಿಸಿದ ಬಗೆಯ ಮಾಹಿತಿಯೇ ಅಂಗಡಿಯವರಿಗೂ ಸಣ್ಣ ಪ್ರಮಾಣದಲ್ಲಿ ದೊರೆಯುತ್ತದೆ. ಪೂರ್ಣ ಗಾತ್ರದ ಶೀಶೆ ಅದೇ ಕಪಾಟಿನಲ್ಲಿ ಇರುವುದರಿಂದ ಮರುಖರೀದಿ ಬೇರೆಡೆಗೆ ಹೋಗುವ ಭಯವೂ ಕಡಿಮೆ. ಸ್ಥಳೀಯ ತಯಾರಕರು ಮೊದಲ ಸಾವಿರ ಮಾದರಿಗಳನ್ನು ದೇಶವ್ಯಾಪಿ ಪೆಟ್ಟಿಗೆಗೆ ಕೊಡುವ ಬದಲು ಇಂತಹ ಇಪ್ಪತ್ತು ಅಂಗಡಿಗಳಿಗೆ ಐವತ್ತರಂತೆ ಹಂಚಿದರೆ, ಖರ್ಚು ಅಷ್ಟೇ ಆದರೂ ಫಲಿತಾಂಶವನ್ನು ಕಣ್ಣಾರೆ ನೋಡಬಹುದು.

ಪ್ರಯೋಗಕ್ಕೆ ಅಕ್ಟೋಬರ್ ತಿಂಗಳು ಪ್ರಶಸ್ತವಾದುದು. ದಸರಾ, ದೀಪಾವಳಿಯ ಖರೀದಿ, ಅದರ ಹಿಂದೆಯೇ ಬರುವ ಮದುವೆಯ ಮುಹೂರ್ತಗಳು, ಬಿಸಿಲು ಇಳಿದಿರುವ ಹವೆ ಎಲ್ಲವೂ ಆಗ ಕೂಡಿಬರುತ್ತವೆ. ಮೂರನೆಯ ಪೆಟ್ಟಿಗೆಯನ್ನು ಒಯ್ಯಲು ಐವತ್ತರಲ್ಲಿ ಎಷ್ಟು ಮಂದಿ ಮರಳಿ ಬಂದರು ಎಂಬ ಸಂಖ್ಯೆ ಡಿಸೆಂಬರ್ ಹೊತ್ತಿಗೆ ನೋಟ್ ಪುಸ್ತಕದಲ್ಲಿರುತ್ತದೆ. ಮುಂದಿನ ಮೂರು ತಿಂಗಳ ಸರಕಿಗೆ ಆದೇಶ ಕೊಡುವುದನ್ನು ಅಲ್ಲಿಯವರೆಗೆ ತಡೆಹಿಡಿಯಬೇಕು.